ಹೆಗಲ ಮೇಲಿನ ಕೈ

ಮಧ್ಯಾಹ್ನ ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನೇ ಮಾಡಿದ ಚಿತ್ರ ನನ್ನ ಫೋನಿಗೆ ವಾಪಸ್ ಬಂತು. ಗಂಟೆಯನ್ನು ಯಾಕೆ ನೋಡಿದೆನೋ ಗೊತ್ತಿಲ್ಲ, ಆದರೆ ಆ ಅಂಕಿಗಳು ಈಗಲೂ ಕಣ್ಣೆದುರಿಗಿವೆ. ಅದು ಒಂದು ಸಿನಿಮಾ ಮಾಸಪತ್ರಿಕೆಯ ಮುಖಪುಟ. ನಾನು ಕಳಿಸಿದಾಗ ಅದರ ಮೇಲ್ಭಾಗದಲ್ಲಿ ಪತ್ರಿಕೆಯ ಹೆಸರಿತ್ತು, ಕೆಳಗೆ ಕಿರುಚಿತ್ರದ ಹೆಸರಿತ್ತು, ಬದಿಗೆ ಒಳಪುಟದ ಲೇಖನಗಳ ಸಾಲುಗಳಿದ್ದವು. ವಾಪಸ್ ಬಂದದ್ದರಲ್ಲಿ ಒಂದಕ್ಷರವೂ ಇರಲಿಲ್ಲ. ಯಾರೋ ನಾಲ್ಕೂ ಕಡೆ ಕತ್ತರಿಸಿದ್ದರು. ಉಳಿದದ್ದು ಗುಡ್ಡದ ಮೇಲೆ ಇಳಿಬಿಸಿಲಲ್ಲಿ ನಿಂತ ಒಬ್ಬ ಹುಡುಗಿ, ಅವಳ ಪಕ್ಕ ಒಬ್ಬ ಹುಡುಗ, ಅವಳ ಹೆಗಲ ಮೇಲೆ ಒಂದು ಕೈ.

ಕಳಿಸಿದವಳು ಆ ಹುಡುಗಿಯ ಗೆಳತಿ. ಚಿತ್ರದ ಕೆಳಗೆ ಬರೆದಿದ್ದಳು: "ಅಕ್ಕಾರ, ಇದು ಊರತುಂಬ ಹರದಾಡಾಕತ್ತೇತಿ. ಅವರ ಕಾಕಾ ಕಾಲೇಜಿಗೆ ಬಂದು ಆಕಿನ್ನ ಎಳಕೊಂಡು ಹ್ವಾದ್ರು. ಫೋನ್ ಬಂದ್ ಐತಿ."

ರೋಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಒಂದೇ ಕೋಣೆಯ ಅಂಗಡಿ. ಬಿ.ಎ. ಮುಗಿಸಿ, ಗದಗಿನಲ್ಲಿ ಎರಡು ವರ್ಷ ಕೆಲಸ ಕಲಿತು ತೆರೆದದ್ದು. ಮದುವೆಯ ಕಾರ್ಡು, ಹುಟ್ಟುಹಬ್ಬದ ಬ್ಯಾನರು, ಅರ್ಜಿಗೆ ಹಚ್ಚುವ ಫೋಟೊ, ಇವು ದಿನದ ಕೆಲಸ. ಆದರೆ ಸುತ್ತಲಿನ ಹಳ್ಳಿಗಳಲ್ಲಿ ನನಗೆ ಹೆಸರು ಬಂದದ್ದು ಜೋಡಿ ಫೋಟೊದಿಂದ. ನಮ್ಮ ಕಡೆ ಹಿಂದಿನ ಕಾಲದ ಗಂಡ ಹೆಂಡತಿ ಒಟ್ಟಿಗೆ ನಿಂತು ಫೋಟೊ ತೆಗೆಸಿಕೊಂಡದ್ದು ಕಡಿಮೆ. ಇಬ್ಬರೂ ತೀರಿದ ಮೇಲೆ ಮಕ್ಕಳಿಗೆ ಗೋಡೆಗೆ ಹಾಕಲು ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಬೇಕಾಗುತ್ತಾರೆ. ಅಪ್ಪನ ಮುಖ ಯಾವುದೋ ಗುರುತಿನ ಚೀಟಿಯಲ್ಲಿರುತ್ತದೆ, ಅವ್ವನ ಮುಖ ಯಾರದೋ ಮದುವೆಯ ಗುಂಪಿನ ಹಿಂದಿನ ಸಾಲಿನಲ್ಲಿ. ಎರಡನ್ನೂ ಬಿಡಿಸಿ ತೆಗೆದು, ಒಂದೇ ಬೆಳಕಿಗೆ ತಂದು, ಪಕ್ಕಪಕ್ಕ ನಿಲ್ಲಿಸುವುದು ನನ್ನ ಕೆಲಸ.

ಬರೀ ಪಕ್ಕಪಕ್ಕ ನಿಲ್ಲಿಸಿದರೆ ಅವರು ಜೋಡಿಯಾಗುವುದಿಲ್ಲ ಎಂಬುದನ್ನು ಮೊದಲ ವರ್ಷವೇ ಕಲಿತೆ. ಎಷ್ಟು ತಿದ್ದಿದರೂ ಇಬ್ಬರು ಅಪರಿಚಿತರನ್ನು ಅಂಟಿಸಿದಂತೆ ಕಾಣುತ್ತದೆ. ಒಂದು ಕೈ ಬೇಕು. ಹೆಗಲ ಮೇಲೋ ಕುರ್ಚಿಯ ಬೆನ್ನ ಮೇಲೋ ಒಂದು ಕೈ ಇಟ್ಟ ಕೂಡಲೇ ಚಿತ್ರಕ್ಕೆ ಜೀವ ಬರುತ್ತದೆ. ಸತ್ತವರ ಕೈಗಳು ಎಲ್ಲಿ ಸಿಗಬೇಕು? ನಮ್ಮಪ್ಪನನ್ನು ಅಂಗಡಿಯಲ್ಲಿ ಕೂರಿಸಿ ಅವನ ಕೈಯ ಫೋಟೊ ಹತ್ತಾರು ಕೋನಗಳಲ್ಲಿ ತೆಗೆದಿಟ್ಟಿದ್ದೆ. ಸುತ್ತಲಿನ ಎಷ್ಟೋ ಮನೆಗಳಲ್ಲಿ ಅಜ್ಜಂದಿರ ಕೈ ಎಂದು ಜನ ನೋಡುವುದು ನಮ್ಮಪ್ಪನ ಕೈಯನ್ನು. ಬಂದವರು ಮುಖ ನೋಡಿ ಸುಮ್ಮನಿರುತ್ತಿದ್ದರು, ಕೈ ನೋಡಿ ಅಳುತ್ತಿದ್ದರು.

ಇನ್ನೊಂದು ರೂಢಿ ಇತ್ತು. ಸಾಫ್ಟ್‌ವೇರಿನಲ್ಲಿ ಚಿತ್ರದ ತುಂಡುಗಳು ಒಂದರ ಮೇಲೊಂದು ಪದರಗಳಾಗಿ ಇರುತ್ತವೆ. ಬೇಕೆಂದಾಗ ಒಂದು ಪದರ ಎತ್ತಿ ನೋಡಬಹುದು. ಕೆಲಸ ಒಪ್ಪಿಗೆಯಾದ ಮೇಲೆ ನಾನು ಎಲ್ಲ ಪದರಗಳನ್ನೂ ಒಂದಾಗಿಸಿ, ತುಂಡುಗಳನ್ನು ಅಳಿಸಿಬಿಡುತ್ತಿದ್ದೆ. ಲ್ಯಾಪ್‌ಟಾಪ್ ಹಳೆಯದು, ಜಾಗ ಸಾಲುವುದಿಲ್ಲ ಎಂಬುದು ಹೇಳಿಕೊಳ್ಳುವ ಕಾರಣ. ಕೂಡಿಸಿದ ಅಪ್ಪ ಅವ್ವನನ್ನು ಮತ್ತೆ ಬಿಡಿಸಲು ಬರಬಾರದು ಎಂಬುದು ನಾನೇ ಮಾಡಿಕೊಂಡ ಶಾಸ್ತ್ರ. ಅದರ ಬಗ್ಗೆ ನನಗೆ ಒಂದು ಬಗೆಯ ಹೆಮ್ಮೆಯೂ ಇತ್ತು.

ಮುಖಪುಟದ ಕೆಲಸ ತಂದವರು ನರಗುಂದದ ನಿವೃತ್ತ ಮಾಸ್ತರರು. ಪಿಂಚಣಿಯ ಕಾಲದಲ್ಲಿ ಸಿನಿಮಾ ಹುಚ್ಚು ಹಿಡಿಸಿಕೊಂಡು ಒಂದು ಸಣ್ಣ ಮಾಸಪತ್ರಿಕೆ ಹೊರಡಿಸುತ್ತಿದ್ದರು. ಈ ಸಲ ನಮ್ಮದೇ ಭಾಗದ ಹುಡುಗರು ಗಜೇಂದ್ರಗಡದ ಗುಡ್ಡದ ಮೇಲೂ ನರಗುಂದದಲ್ಲೂ ತೆಗೆದ ಕಿರುಚಿತ್ರದ ಮೇಲೆ ಅವರಿಗೆ ಮನಸ್ಸು. ಪತ್ರ ಬರೆದುಕೊಳ್ಳುವ, ಆದರೆ ಒಮ್ಮೆಯೂ ಭೇಟಿಯಾಗದ ಇಬ್ಬರ ಕಥೆ. ಹುಡುಗಿ ರೋಣದಲ್ಲೇ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು, ಜಕ್ಕಲಿ ದಾರಿಯ ಒಂದು ಹಳ್ಳಿಯಿಂದ ದಿನಾ ಬಸ್ಸಿಗೆ ಬರುವವಳು. ಹುಡುಗ ನರಗುಂದದವನು. ಇಬ್ಬರ ಚಿತ್ರೀಕರಣವೂ ಬೇರೆ ಬೇರೆ ದಿನ, ಬೇರೆ ಬೇರೆ ಊರಲ್ಲಿ ಆಗಿತ್ತು.

ಹುಡುಗಿ ತನ್ನ ಫೋಟೊ ಕೊಡಲು ಅಂಗಡಿಗೆ ಬಂದಾಗ ಹೇಳಿದ್ದಳು: "ಅಪ್ಪ ಒಪ್ಪಿದ್ದs ಹಂಗ ಅಕ್ಕಾರ. ಹುಡುಗನ ಜೋಡಿ ಒಂದ ಫೋಟೋದಾಗ ನಿಂದರಬ್ಯಾಡ ಅಂದಾನ. ಕಥಿನೂ ಹಂಗs ಐತಿ, ಚಲೋ ಆತು."

"ಇದು ಬರೇ ಮುಖಪುಟ ಬಿಡ ತಂಗಿ," ಎಂದು ನಾನು ನಕ್ಕಿದ್ದೆ. ಅವಳೂ ನಕ್ಕಳು. ಅವಳು ಒಪ್ಪಿ ನಕ್ಕಳೋ, ದೊಡ್ಡವರ ಮಾತಿಗೆ ಎದುರಾಡಲಾಗದೆ ನಕ್ಕಳೋ ಅಂತ ನಾನು ಕೇಳಲಿಲ್ಲ.

ಮೊದಲ ನಕಲನ್ನು ಮಾಸ್ತರರು ಕನ್ನಡಕ ಹಣೆಗೇರಿಸಿ ನೋಡಿದರು. "ಯವ್ವಾ, ಇವರಿಬ್ಬರೂ ಬ್ಯಾರೆ ಬ್ಯಾರೆ ಬಸ್ಸಿಗೆ ಕಾಯಾಕತ್ತಂಗ ಕಾಣತಾರಲ್ಲ. ಆಕಿ ಗಜೇಂದ್ರಗಡಕ್ಕ, ಇಂವ ನರಗುಂದಕ್ಕ."

ನಗು ಬಂತು, ಸ್ವಲ್ಪ ಅವಮಾನವೂ ಆಯಿತು. ಕೈ ಇಡಿ ಎಂದು ಅವರು ಹೇಳಲಿಲ್ಲ. ಯಾರೂ ಹೇಳಲಿಲ್ಲ. ಸತ್ತವರಿಗೆ ಮಾಡುವುದನ್ನೇ ಬದುಕಿರುವವರಿಗೂ ಮಾಡಿದೆ. ಅಪ್ಪನ ಕೈ ಮುದುಕನದು, ಹುಡುಗನಿಗೆ ಒಪ್ಪುತ್ತಿರಲಿಲ್ಲ. ಹಾಗಾಗಿ ಕುರ್ಚಿಯ ಬೆನ್ನಿನ ಮೇಲೆ ನನ್ನ ಬಲಗೈ ಇಟ್ಟು, ಎಡಗೈಯಲ್ಲಿ ಫೋನ್ ಹಿಡಿದು ಫೋಟೊ ತೆಗೆದೆ. ಬೆರಳು ದಪ್ಪ ಮಾಡಿದೆ, ಬಣ್ಣ ಒಂದಿಷ್ಟು ಕಂದಿಸಿದೆ, ಬಳೆ ಅಳಿಸಿ ಅಲ್ಲೊಂದು ಗಡಿಯಾರ ಕೂಡಿಸಿದೆ. ಅವಳ ಕುಪ್ಪಸದ ಮೇಲೆ ಬೆರಳಿನ ನೆರಳು ಬೀಳುವಂತೆ ಮಾಡಲು ಅರ್ಧ ದಿನ ಹಿಡಿಯಿತು. ಮಾಸ್ತರರು ನೋಡಿ, "ಈಗ ನೋಡs ಇದು ಸಿನಿಮಾ," ಎಂದರು. ಪದರಗಳನ್ನು ಒಂದಾಗಿಸಿದೆ, ತುಂಡುಗಳನ್ನು ಅಳಿಸಿದೆ.

ಗೆಳತಿಯ ಸಂದೇಶ ಬಂದ ಕೂಡಲೇ ಮಾಸ್ತರರಿಗೆ ಫೋನ್ ಮಾಡಿದೆ. "ನಾನs ವಾಟ್ಸಾಪ್ ಗುಂಪಿಗೆ ಹಾಕಿದ್ನೆವಾ, ಎಲ್ಲಾರೂ ನೋಡ್ಲಿ ಅಂತ," ಎಂದರು. ಅಚ್ಚಾದ ಪ್ರತಿಗಳನ್ನು ತೆಗೆದುಕೊಂಡು ಸಿಕ್ಕ ಬಸ್ಸಿಗೆ ಹೊರಡುತ್ತೇನೆಂದರು. ನರಗುಂದದಿಂದ ಆ ಹಳ್ಳಿ ಮುಟ್ಟಲು ಸಂಜೆಯಾಗುತ್ತಿತ್ತು. ಅಲ್ಲಿತನಕ ಕಾಯುವ ಧೈರ್ಯ ನನಗಿರಲಿಲ್ಲ. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿ, ಸ್ಕೂಟಿಯ ಕಾಲಿನ ಹತ್ತಿರ ಇಟ್ಟುಕೊಂಡು ಹೊರಟೆ. ಹೊಲಗಳಲ್ಲಿ ಕಡಲೆ ಕಿತ್ತು ಗುಡ್ಡೆ ಹಾಕಿದ್ದರು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಫೈಲಿನಲ್ಲಿ ಏನೂ ಉಳಿದಿಲ್ಲ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಕ್ಕಪಕ್ಕದ ಕಟ್ಟೆಗಳ ಮೇಲೆ ಜನ ಸುಮ್ಮನೆ ಕೂತಿದ್ದರು, ಆ ಮನೆಯ ಕಡೆಗೆ ನೋಡದ ಹಾಗೆ ನೋಡುತ್ತಿದ್ದರು. ಪಡಸಾಲೆಯಲ್ಲಿ ಹುಡುಗಿಯ ತಂದೆ ಗೋಡೆಗೆ ಒರಗಿ ಕೂತಿದ್ದ. ಅವನ ತಮ್ಮ, ಅವಳನ್ನು ಎಳೆದುಕೊಂಡು ಬಂದ ಕಾಕಾ, ಒಳಗಿನ ಒಂದು ಬಾಗಿಲ ಮುಂದೆ ನಿಂತಿದ್ದ. ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಆ ಚಿತ್ರ ಮಾಡಿದವಳು ನಾನೆಂದು ಹೊಸ್ತಿಲಲ್ಲೇ ಹೇಳಿದೆ.

"ಬಂದ್ರು ನೋಡಣ್ಣ ಪಿಚ್ಚರ್ ಮಾಡಾವ್ರು," ಎಂದ ಕಾಕಾ. "ಕ್ಯಾಮೆರಾ ತಂದಿಲ್ಲೇನ್ರಿ? ಇವತ್ತಿಂದೂ ತಗೀರಲ್ಲ, ಚಲೋ ನಡಿತೈತಿ."

ತಂದೆ ನನ್ನ ಕಡೆ ನೋಡಿ, "ಕುಂದರ್ರಿ," ಎಂದ. ಅವನ ಮುಖ ಎಲ್ಲೋ ನೋಡಿದ ಹಾಗಿತ್ತು.

ತಾಯಿ ನೀರಿನ ತಂಬಿಗೆ ತಂದು ಮುಂದೆ ಇಟ್ಟಳು. ಬಗ್ಗಿದಾಗ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು: "ಬೆಳಿಗೆ ಹೊಡಿಯೋ ಎಣ್ಣಿ ಬಾಟ್ಲಿ ಅದs ಕೋಣ್ಯಾಗ ಐತ್ರಿ. ಕೂಗಿದ್ರ ಓ ಅನ್ನವಲ್ಲಳು." ಕಾಕಾ ಆ ಕೀಟನಾಶಕವನ್ನು ಮರೆತು ಅವಳನ್ನು ಅಲ್ಲಿ ಕೂಡಿಹಾಕಿದನೋ, ಮರೆಯದೆ ಕೂಡಿಹಾಕಿದನೋ, ಇವತ್ತಿಗೂ ನನಗೆ ತಿಳಿಯದು. ಅವನಿಗೂ ತಿಳಿದಿರಲಿಕ್ಕಿಲ್ಲ.

ಲ್ಯಾಪ್‌ಟಾಪ್ ತೆರೆದೆ. ಮಾತು ತಂದೆಗೆ ಹೇಳುತ್ತಿದ್ದೆನಾದರೂ ಬೀಗದ ಆಚೆಗೆ ಕೇಳಿಸಲಿ ಎಂದು ಗಟ್ಟಿಯಾಗಿ ಹೇಳಿದೆ. "ನಿಮ್ಮ ಮಗಳು ಆ ಹುಡುಗನ ಜೋಡಿ ನಿಂತಿಲ್ರಿ. ನಾ ನಿಂದರಿಸೇನಿ. ತಪ್ಪು ನಂದು." ಕಿರುಚಿತ್ರ ತೆಗೆದ ಹುಡುಗರಿಂದ ಬಂದಿದ್ದ ಎರಡು ಬಿಡಿ ಫೋಟೊಗಳು ನನ್ನ ಫೋನಿನಲ್ಲಿದ್ದವು. ಗುಡ್ಡದ ಮೇಲೆ ಅವಳೊಬ್ಬಳೇ, ನರಗುಂದದಲ್ಲಿ ಅವನೊಬ್ಬನೇ. ಅವರ ಕಣ್ಣೆದುರಿಗೇ ಅವಳನ್ನು ಬಿಡಿಸಿದೆ, ಅವನನ್ನು ತಂದು ಪಕ್ಕಕ್ಕೆ ಕೂಡಿಸಿದೆ. ತಾಯಿ ಬಾಗಿಲ ಚೌಕಟ್ಟು ಹಿಡಿದು ನೋಡುತ್ತಿದ್ದಳು. ತಂದೆ ಬಗ್ಗಿ ನೋಡಿದ.

ಕಾಕಾ ಮಾತ್ರ ನಿಂತಲ್ಲಿಂದ ಅಲುಗಲಿಲ್ಲ. "ನೀವು ಎರಡನ್ನ ಒಂದು ಮಾಡೋದು ತೋರಿಸಿದ್ರಿ. ಹಂಗs ಒಂದನ್ನ ಕತ್ತರಿಸಿ ಎರಡು ಮಾಡೋದೂ ನಿಮಗ ಬರ್ತೈತಲ್ಲ? ಮೊದಲ ಇಬ್ಬರೂ ಕೂಡೇ ನಿಂತಿದ್ರು, ಈಗ ಬ್ಯಾರೆ ಮಾಡ್ಕೊಂಡು ಬಂದೀರಿ. ಅಲ್ಲ ಅಂತ ಹ್ಯಾಂಗ ಹೇಳ್ತೀರಿ?"

ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಪದರಗಳ ಫೈಲು ಇದ್ದಿದ್ದರೆ ಒಂದೊಂದೇ ಎತ್ತಿ ತೋರಿಸಬಹುದಿತ್ತು. ನನ್ನ ಹತ್ತಿರ ಇದ್ದದ್ದು ಒಂದು ಹೊಲಿಗೆಯೂ ಕಾಣದ ಚೊಕ್ಕ ಚಿತ್ರ.

"ಆ ಕೈ ಯಾರದು ಹಂಗಾರ?"

"ನಂದು."

ಅವನು ನಕ್ಕ. "ಹೆಣಮಗಳ ಕೈ ಹಿಂಗ ಇರ್ತೈತೇನು? ಗಡಿಯಾರ ಎಲ್ಲೈತ್ರಿ, ಮನ್ಯಾಗ ಬಿಟ್ಟು ಬಂದೀರೇನು?"

ಬಳೆ ಮೇಲೆ ಸರಿಸಿ ಕೈಯನ್ನು ಪರದೆಯ ಪಕ್ಕ ಹಿಡಿದೆ, ಬೆರಳುಗಳನ್ನು ಅದೇ ಥರ ಬಾಗಿಸಿದೆ. ನನಗೇ ಅದು ಬೇರೆ ಯಾರದೋ ಕೈಯಂತೆ ಕಂಡಿತು. ಕೋಣೆಯ ಒಳಗೆ ಏನೋ ನೆಲಕ್ಕೆ ತಾಗಿದ ಸಪ್ಪಳವಾಯಿತು. ಗಾಜಿನದೋ ತಗಡಿನದೋ ತಿಳಿಯಲಿಲ್ಲ. ತಾಯಿ "ಯವ್ವಾ" ಎಂದು ಒಂದು ಹೆಜ್ಜೆ ಮುಂದೆ ಬಂದಳು. ಕಾಕಾ ಕೈ ಅಡ್ಡ ಹಿಡಿದ.

"ಫೋಟೊ ಎಲ್ಲಿ ಸುಳ್ಳ ಹೇಳ್ತಾವ್ರಿ?" ಎಂದ ಅವನು, ನನಗಿಂತ ಹೆಚ್ಚು ತನಗೇ ಹೇಳಿಕೊಳ್ಳುವವನಂತೆ. ಎದುರು ಗೋಡೆಯ ಕಡೆ ಬೆರಳು ಮಾಡಿದ. "ಅಲ್ಲಿ ನೋಡ್ರಿ, ನಮ್ಮಪ್ಪ, ನಮ್ಮವ್ವ. ಆ ಕಾಲದಾಗ ಕ್ಯಾಮೆರಾದ ಮುಂದ ಹೆಗಲ ಮ್ಯಾಲೆ ಕೈ ಇಟ್ಟಿದ್ದ ನಮ್ಮಪ್ಪ. ಕಟ್ಟಿಕೊಂಡಾಕಿ ಮ್ಯಾಲೆ. ನಾ ಏನು ಹೆಗಲ ಮ್ಯಾಲೆ ಕೈ ಇಡೂದs ತಪ್ಪು ಅಂತೇನಿ ಅಂತ ತಿಳದೀರೇನು? ಹಂಗ ಇಡಬೇಕು."

ತಲೆ ಎತ್ತಿ ನೋಡಿದೆ. ಗಂಧದ ಮಾಲೆಯ ಒಳಗೆ ನಾನು ಮೂರು ದಿನ ಕೂತು ಮಾಡಿದ ಇಬ್ಬರು. ಮಂದಿಯ ಮುಖ ನನಗೆ ನೆನಪಿರುವುದಿಲ್ಲ, ತಿದ್ದಿದ ಮುಖ ಮರೆಯುವುದಿಲ್ಲ. ಅಜ್ಜಿಯ ಎಡಗೆನ್ನೆಯ ಮೇಲೆ ಬೇರೆ ಯಾರದೋ ಪೇಟದ ತುರಾಯಿಯ ನೆರಳು ಬಿದ್ದಿತ್ತು, ಅದನ್ನು ತೆಗೆಯಲು ಪಟ್ಟ ಪಾಡು ನೆನಪಾಯಿತು. ಆಗ ತಂದೆಯ ಮುಖವೂ ಎಲ್ಲಿಯದೆಂದು ಹೊಳೆಯಿತು. ಅವನು ಬಂದು ಮಾಡಿಸಿದ್ದ, ಒಯ್ಯುವಾಗ ಅತ್ತಿದ್ದ.

ಅವನನ್ನು ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ಹೇಳಬೇಡಿರಿ ಎನ್ನುವ ಕಣ್ಣುಗಳು ಅವು. ಆ ಫೋಟೊ ಮಾಡಿಸುವ ಹೊತ್ತಿಗೆ ಕಾಕಾ ಗೋವೆಯ ಕಡೆ ದುಡಿಯಲು ಹೋಗಿದ್ದನಂತೆ, ಇದು ಆಮೇಲೆ ತಿಳಿದದ್ದು. ಬಂದಾಗ ಅಣ್ಣ ಫೋಟೊ ತೋರಿಸಿ, ಹಳೇ ಪೆಟ್ಟಿಗೆಯಲ್ಲಿ ಸಿಕ್ಕಿತು ಎಂದಿದ್ದನಂತೆ. ಗಜೇಂದ್ರಗಡದ ಸಂತೆಯ ದಿನ ಇಬ್ಬರೂ ತೆಗೆಸಿಕೊಂಡದ್ದು ಎಂಬ ಕಥೆಯೂ ಹೇಗೋ ಹುಟ್ಟಿ, ಮನೆಯಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದರಂತೆ.

ನಾನು ಹೇಳಲಿಲ್ಲ. ಹೇಳಬೇಕಿತ್ತು. ಒಳಗೆ ಒಂದು ಜೀವ, ಎದುರಿಗೆ ಒಂದು ಫೋಟೊ, ಆದರೂ ನಾಲಿಗೆ ಏಳಲಿಲ್ಲ. ಇದನ್ನೇ ಆಮೇಲೆ ಎಷ್ಟೋ ವಾರ ಮತ್ತೆ ಮತ್ತೆ ನೋಡಿಕೊಂಡೆ.

ತಂದೆಯೇ ಹೇಳಿದ. "ತಮ್ಮಾ, ಅದನ್ನೂ ಈ ಅಕ್ಕಾರs ಮಾಡ್ಯಾರ."

"ಏನ್ ಮಾಡ್ಯಾರ?"

"ಅಪ್ಪನ್ನ ಓಟಿನ ಕಾರ್ಡಿನ್ಯಾಗಿಂದ ತಗದಾರ. ಅವ್ವನ್ನ ನಿನ್ನ ಲಗ್ನದ ಫೋಟೋದಾಗಿಂದ. ಹಿಂದಿನ ಸಾಲ್ಯಾಗ ಅಕ್ಕಿಕಾಳು ಹಿಡಕೊಂಡು ನಿಂತಾಳಲ್ಲ, ಅಲ್ಲಿಂದ. ಅವರಿಬ್ಬರೂ ಎಂದೂ ಕೂಡಿ ಫೋಟೊ ತಗಸಿಲ್ಲ."

ಕಾಕಾ ಅಣ್ಣನನ್ನು ನೋಡಿದ, ಗೋಡೆ ನೋಡಿದ, ನನ್ನನ್ನು ನೋಡಿದ. "ಕೈ?" ಎಂದ.

ತಂದೆಗೆ ಅದು ಗೊತ್ತಿರಲಿಲ್ಲ. ಅವನೂ ನನ್ನ ಕಡೆ ತಿರುಗಿದ.

"ನಮ್ಮಪ್ಪಂದು," ಎಂದೆ.

ಕಾಕಾ ಗೋಡೆಯ ಹತ್ತಿರ ಹೋದ. ಮಾಲೆಯನ್ನು ಪಕ್ಕಕ್ಕೆ ಸರಿಸಿ, ಗಾಜಿನ ಮೇಲೆ ಆ ಕೈ ಇರುವಲ್ಲಿ ಹೆಬ್ಬೆರಳು ಇಟ್ಟು ಉಜ್ಜಿದ, ಕಲೆ ಹೋಗುತ್ತದೋ ನೋಡುವವನಂತೆ. ಬೆನ್ನು ತಿರುಗಿಸಿಯೇ, "ದಿನಾ ಹೊಲಕ್ಕ ಹೋಗೂಮುಂದ ಈ ಕೈಗೆ ಹಣಿ ಹಚ್ಚತೇನಿ ಯಣ್ಣಾ," ಎಂದ. ಸೊಂಟದಿಂದ ಬೀಗದ ಕೈ ತೆಗೆದು ನನ್ನ ಲ್ಯಾಪ್‌ಟಾಪಿನ ಪಕ್ಕ ಚಾಪೆಯ ಮೇಲೆ ಇಟ್ಟು, ಚಪ್ಪಲಿ ಮೆಟ್ಟದೆ ಹೊರಗೆ ಹೋದ.

ಬಾಗಿಲು ತೆರೆದದ್ದು ತಾಯಿ. ಹುಡುಗಿ ಜೋಳದ ಚೀಲಗಳ ನಡುವೆ ಮೊಣಕಾಲು ಕಟ್ಟಿಕೊಂಡು ಕೂತಿದ್ದಳು. ಒಂದು ಕೆನ್ನೆ ಬಾತಿತ್ತು. ಬಾಟಲಿ ಅವಳ ಕಾಲಿನ ಹತ್ತಿರ ನೆಲದ ಮೇಲಿತ್ತು, ಮುಚ್ಚಳ ಹಾಕಿಯೇ ಇತ್ತು. ಗೋಡೆಯಲ್ಲಿ ಗೂಡಿನಂತಿದ್ದ ಮಾಡದಲ್ಲಿ ಅದು ಇದ್ದ ಜಾಗ ಧೂಳಿಲ್ಲದೆ ದುಂಡಗೆ ಕಾಣುತ್ತಿತ್ತು. ತಾಯಿ ಮೊದಲು ಬಾಟಲಿಯನ್ನು ಎತ್ತಿಕೊಂಡಳು, ಆಮೇಲೆ ಮಗಳನ್ನು. ತಂದೆ ಹೊಸ್ತಿಲಲ್ಲೇ ನಿಂತುಬಿಟ್ಟ.

ನಾನೇನೋ ಹೇಳಲು ಹತ್ತಿರ ಹೋದೆ. ಅವಳು ಅಳುತ್ತಿರಲಿಲ್ಲ. "ಕೈ ಯಾಕ ಇಟ್ರಿ ಅಕ್ಕಾರ?" ಎಂದಳು. "ನಾ ಹೇಳಿದ್ನಲ್ಲ."

ಚಿತ್ರ ಚಂದ ಕಾಣಲಿ ಎಂದು ಇಟ್ಟೆ ಎಂಬ ಉತ್ತರ ನನ್ನ ಬಳಿ ಇತ್ತು. ಅದನ್ನು ಅವಳ ಮುಂದೆ ಹೇಳುವುದಾಗಲಿಲ್ಲ. "ತಪ್ಪಾತು ತಂಗಿ," ಎಂದೆ. ಅವಳು ಮುಖ ಆಚೆ ತಿರುಗಿಸಿದಳು.

ಸಂಜೆ ಮಾಸ್ತರರು ಪ್ರತಿಗಳ ಗಂಟು ಹೊತ್ತು ಬಂದರು. ಪಡಸಾಲೆಯಲ್ಲಿ ಕೂತು ಒಂದೊಂದೇ ಮುಖಪುಟವನ್ನು ತಾವೇ ಹರಿದರು. ತಂದೆ ಬೇಡವೆನ್ನಲಿಲ್ಲ, ಸಹಾಯವನ್ನೂ ಮಾಡಲಿಲ್ಲ. ಹರಿದು ಮುಗಿಯುವಷ್ಟರಲ್ಲಿ ತಾಯಿ ಚಹಾ ತಂದಿಟ್ಟಳು. ಮಾಸ್ತರರು ಕಪ್ಪು ಹಿಡಿದುಕೊಂಡು ಕುಡಿಯದೆ ಕೂತರು. ಆ ಸಂಚಿಕೆ ಮುಖಪುಟವಿಲ್ಲದೆ, ಬರೀ ಅಕ್ಷರಗಳ ಹಾಳೆಯೊಂದಿಗೆ ಹೊರಬಂತು. ಚಿತ್ರವನ್ನು ಕತ್ತರಿಸಿದವರು ಯಾರೆಂದು ಕೊನೆಗೂ ತಿಳಿಯಲಿಲ್ಲ. ಹುಡುಕುತ್ತ ಹೋಗುವ ಹಕ್ಕು ನನಗಿದೆಯೆಂದೂ ಅನಿಸಲಿಲ್ಲ.

ಆಮೇಲಿನ ದಿನಗಳನ್ನು ನಾನು ಸರಿಯಾಗಿ ಹೇಳಲಾರೆ. ಹುಡುಗಿ ಕೆಲವು ವಾರ ಗಜೇಂದ್ರಗಡದಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ಕಾಲೇಜಿಗೆ ಕಳಿಸುತ್ತಾರೋ ಇಲ್ಲವೋ, ಪರೀಕ್ಷೆಗೆ ಕೂರುತ್ತಾಳೋ ಇಲ್ಲವೋ ಆಗ ತಿಳಿದಿರಲಿಲ್ಲ. ಅವಳ ಗೆಳತಿಯನ್ನು ಕೇಳಿದರೆ, "ಸುಮ್ನ ಇರ್ರಿ ಅಕ್ಕಾರ, ನೀವು ಕೇಳಿದಷ್ಟು ಬ್ಯಾಸರ ಮಾಡ್ಕೊತಾಳ," ಎಂದಳು. ಕಾಕಾ ಮಾತು ಬಿಟ್ಟಿದ್ದಾನೆ, ಅಣ್ಣನ ಜೊತೆ ಊಟಕ್ಕೆ ಕೂರುವುದಿಲ್ಲ ಎಂದೂ ಅವಳಿಂದಲೇ ಕೇಳಿದೆ. ನಿದ್ದೆ ಹತ್ತುವ ಹೊತ್ತಿಗೆ ಆ ಸಪ್ಪಳ ಕೇಳುತ್ತಿತ್ತು. ಗೋಡೆಯ ಮಾಡದಿಂದ ಬಾಟಲಿಯನ್ನು ಅವಳು ಯಾವಾಗ ಇಳಿಸಿರಬಹುದು? ನಾನು ಗಟ್ಟಿಯಾಗಿ ಮಾತಾಡುವ ಮೊದಲೋ, ಕಾಕಾ ನಕ್ಕ ಮೇಲೋ, ನಾನು ಬಾಯಿ ಮುಚ್ಚಿ ಗೋಡೆ ನೋಡುತ್ತ ಕೂತಿದ್ದಾಗಲೋ? ತಂದೆ ಇನ್ನೊಂದು ನಿಮಿಷ ತಡ ಮಾಡಿದ್ದರೆ? ಇಷ್ಟು ಯೋಚಿಸುವಷ್ಟರಲ್ಲಿ ಎದ್ದು ಕೂತಿರುತ್ತಿದ್ದೆ.

ಈಗ ಯಾವ ಫೈಲಿನ ಪದರಗಳನ್ನೂ ಕೂಡಿಸುವುದಿಲ್ಲ. ಜೋಡಿ ಫೋಟೊ ಕೇಳಿ ಬಂದವರಿಗೆ ಮಾಡಿಕೊಡುತ್ತೇನೆ, ಕೈ ಇಡುವುದಿಲ್ಲ. ಕೆಲವರು ನೋಡಿ, "ಜೀವ ಬರಲಿಲ್ಲರೀ," ಎನ್ನುತ್ತಾರೆ. ಹೌದು ಎನ್ನುತ್ತೇನೆ.

ಬಿಸಿಲು ಏರಿದ ಮೇಲೆ ಒಂದು ಬುಧವಾರ ಮಧ್ಯಾಹ್ನ ಹುಡುಗಿ ಅಂಗಡಿಗೆ ಬಂದಳು. ಹಾಲ್‌ಟಿಕೆಟ್ಟು ಕೈಯಲ್ಲೇ ಇತ್ತು. ನನಗೆ ಎದ್ದು ನಿಲ್ಲುವುದೂ ತಿಳಿಯಲಿಲ್ಲ.

"ಬಿ.ಎಡ್. ಅರ್ಜಿಗೆ ಫೋಟೊ ಬೇಕಾಗೇತ್ರಿ," ಎಂದಳು. "ಲಗೂ ತಗೀರಿ, ಹೊರಗ ಬಿಸಲಾಗ ನಿಂತಾನ."

"ಯಾರು?"

"ಕಾಕಾ. ಪರೀಕ್ಷಾಕ್ಕ ದಿನಾ ಅವನs ಗಾಡಿ ಮ್ಯಾಲೆ ಕರಕೊಂಡು ಬಂದಾನ. ಇವತ್ತ ಕಡೀ ಪೇಪರ್."

ಬಾಗಿಲಿಗೆ ಹೋಗಿ ನೋಡಿದೆ. ಅವನು ಬೈಕಿಗೆ ಒರಗಿ, ನನ್ನ ಅಂಗಡಿಯ ಕಡೆ ಬೆನ್ನು ಹಾಕಿ ನಿಂತಿದ್ದ. ತಲೆಯ ಮೇಲೆ ಟವೆಲ್ ಇತ್ತು. "ಒಳಗ ಬರ್ರಿ, ನೆಳ್ಳಿಗೆ," ಎಂದೆ. ಅವನು ತಿರುಗಲಿಲ್ಲ. "ಇಲ್ಲೇ ಚಲೋ ಐತ್ರಿ," ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸಲುಗೆಯೂ ಇರಲಿಲ್ಲ.

ಅವಳು ಸ್ಟೂಲಿನ ಮೇಲೆ ಕೂತು ಕೂದಲು ಕಿವಿಯ ಹಿಂದೆ ಸರಿಸಿಕೊಂಡಳು. ಪೇಪರ್ ಹೇಗಿತ್ತು ಎಂದು ಕೇಳಿದೆ. ಇತಿಹಾಸ ಸುಲಭ ಬಂದಿತ್ತು, ಬರೆದು ಬರೆದು ಬೆರಳುಗಳು ನೋಯುತ್ತಿವೆ ಎಂದಳು. ಎಂಟು ಪ್ರತಿ ಮುದ್ರಿಸಿ ಕತ್ತರಿಸಿ ಕೊಟ್ಟೆ. ಅವಳು ಒಂದನ್ನು ದೂರ ಹಿಡಿದು ನೋಡಿ, "ಮಾರಿ ಒಂಚೂರು ಕಪ್ಪ ಬಂದೇತಲ್ರಿ," ಎಂದಳು. "ಇದ್ದಂಗs ಬಂದೇತವಾ," ಎಂದೆ. "ಇರ್ಲಿ ಬಿಡ್ರಿ," ಎಂದು ಚೀಲದಲ್ಲಿ ಹಾಕಿಕೊಂಡಳು. ಹೋಗುವಾಗ ಹೊಸ್ತಿಲಲ್ಲಿ, "ಬರ್ತೇನ್ರಿ ಅಕ್ಕಾರ," ಎಂದಳು. ಬೈಕು ಓಣಿಯ ತಿರುವು ದಾಟುವವರೆಗೂ ನಿಂತು ನೋಡಿದೆ.

ಅವತ್ತು ರಾತ್ರಿ ಊಟ ಮಾಡಿ ಮಲಗಿದ್ದೊಂದು ಗೊತ್ತು, ಆ ಸಪ್ಪಳ ಕೇಳಲಿಲ್ಲ. ಎಚ್ಚರವಾದಾಗ ಕಿಟಕಿಯ ಬಿಸಿಲು ಕಾಲಿನ ಮೇಲಿತ್ತು, ಅಪ್ಪ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದ. ಗುರುವಾರವಾಗಿತ್ತು.